ಹಿಂದಕ್ಕೆ ಸರಿದ ಖುರ್ಚಿ

ನಿನ್ನೆ ಮಧ್ಯಾಹ್ನ ಅವಳೇ, ಯಾರೂ ಹೇಳದೆ, ಕಾರಿಡಾರಿನಲ್ಲಿದ್ದ ನನ್ನ ಖುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿ ಬಿಟ್ಟು, ಕೈ ಕೊಡವಿಕೊಂಡು ತನ್ನ ಕ್ಲಾಸಿಗೆ ವಾಪಸ್ ಹೋದಳಂತೆ!

ಕ್ಷಮಿಸಿ. ಭಾಷಣ ಹೀಗೆ ಶುರುವಾಗಬಾರದು. ನಮ್ಮ ಅತ್ತೆ ವಾರದಿಂದ ಹೇಳಿಕೊಡುತ್ತಿದ್ದಾರೆ: "ಮೊದ್ಲು ಅಧ್ಯಕ್ಷರು, ಆಮೇಲೆ ಅತಿಥಿಗಳು, ಆಮೇಲೆ ಸಭಿಕರು, ಆಮೇಲೆ ಒಂದು ಉಸಿರು ತಗೋ, ಆಮೇಲೆ ವಿಷಯ." ನಾನು ವಿಷಯಕ್ಕೇ ಹಾರಿದೆ, ಉಸಿರು ತೆಗೆದುಕೊಳ್ಳುವುದನ್ನೂ ಮರೆತೆ. ಈಗ ಕ್ರಮವಾಗಿ ಬರುತ್ತೇನೆ.

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ, ನನ್ನ ಮೊದಲ ವಾಕ್ಯಕ್ಕೆ ಬೆಚ್ಚಿಬಿದ್ದರೂ ತೋರಿಸಿಕೊಳ್ಳದ ಶಾಲಾ ಮಂಡಳಿಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ದಂತವೈದ್ಯರೇ (ನಿಮ್ಮನ್ನು ಕಂಡ ಕೂಡಲೇ ಮುಂದಿನ ಸಾಲಿನ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡಿದ್ದಾರೆ, ಆ ಶಕ್ತಿ ಈ ಶಾಲೆಯ ಯಾವ ಶಿಕ್ಷಕರಿಗೂ ಇಲ್ಲ), ನಾವೆಲ್ಲ ಪ್ರೀತಿಯಿಂದಲೂ ಸಾಕಷ್ಟು ಭಯದಿಂದಲೂ ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿಯವರೇ, ನಾಲ್ಕನೇ ಬಿ ತರಗತಿಯ ಟೀಚರೇ, ಪೋಷಕರೇ, ಮಕ್ಕಳೇ, ಮೂರನೇ ಸಾಲಿನ ತುದಿಯಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನಮ್ಮವರೇ, ಮತ್ತು ಆತ್ಮೀಯ ಸಭಿಕರೇ.

"ನಮ್ಮವರು" ಎಂದು ಮೈಕಿನಲ್ಲಿ ಹೇಳಬೇಕೆಂಬ ಆಸೆ ಇತ್ತು, ಹೇಳಿಬಿಟ್ಟೆ. ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಆ ಮಾತು ಹೊಸ ಚಪ್ಪಲಿಯ ಹಾಗೆ, ಅಗತ್ಯವಿಲ್ಲದಿದ್ದರೂ ಹಾಕಿಕೊಂಡು ಓಡಾಡಬೇಕು ಅನ್ನಿಸುತ್ತದೆ. ತರಕಾರಿ ಅಂಗಡಿಯಲ್ಲಿ ಟೊಮೆಟೊ ಕೇಳುವಾಗಲೂ "ನಮ್ಮವರಿಗೆ ಇದು ಇಷ್ಟ" ಎನ್ನುತ್ತೇನೆ. ಅಂಗಡಿಯಾಕೆ ಕೇಳಿದ್ದು ಎಷ್ಟು ಕೊಡಲಿ ಎಂದು ಮಾತ್ರ.

ಸಭಿಕರೇ, ಇವತ್ತು ನನಗೆ ಸನ್ಮಾನ. ಈ ಹೂಗುಚ್ಛ, ಈ ಫಲಕ, ಎಲ್ಲಕ್ಕೂ ನಾನು ಋಣಿ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಏನೂ ಮಾಡದೆ ಇರುವುದನ್ನು ಚೆನ್ನಾಗಿ ಮಾಡಿದಳು ಎಂದು ಯಾರಿಗಾದರೂ ಸನ್ಮಾನ ಮಾಡಿದ್ದನ್ನು ನೀವು ಕಂಡಿದ್ದೀರಾ? ನನ್ನ ಕೆಲಸವೇ ಅದು. ನಾನು ನೆರಳು ಶಿಕ್ಷಕಿ. ಸಾಮಾನ್ಯ ತರಗತಿಯಲ್ಲಿ ಒಂಟಿಯಾಗಿ ಕೂರಲು ಕಷ್ಟವಾಗುವ ಮಗುವಿನ ಪಕ್ಕ ಕೂರುವುದು, ಅದಕ್ಕೆ ಗಾಬರಿಯಾದಾಗ ಧೈರ್ಯ ಹೇಳುವುದು, ಆಮೇಲೆ ನಿಧಾನವಾಗಿ, ಮಗುವಿಗೆ ತಿಳಿಯದ ಹಾಗೆ, ಹಿಂದೆ ಸರಿದು ಸರಿದು ಕಾಣೆಯಾಗುವುದು. ಡ್ರೈವರು ಬಸ್ಸಿನಿಂದ ಇಳಿದಷ್ಟೂ ಒಳ್ಳೆಯ ಡ್ರೈವರು ಎನ್ನುವಂಥ ಉದ್ಯೋಗ. ನಮ್ಮ ತರಬೇತಿಯಲ್ಲಿ ಹೇಳುತ್ತಿದ್ದರು: "ಒಳ್ಳೆ ನೆರಳು ಮಧ್ಯಾಹ್ನದ ನೆರಳು. ನೋಡನೋಡ್ತಾ ಕಾಲಡಿಗೆ ಹೋಗ್ಬೇಕು." ನಾನು ಸಾಯಂಕಾಲದ ನೆರಳು. ಉದ್ದವಾಗುತ್ತಲೇ ಹೋಗುವ ಸ್ವಭಾವ. ನನ್ನ ಭಾಷಣದಲ್ಲೇ ನಿಮಗೆ ಗೊತ್ತಾಗುತ್ತಿರಬೇಕು.

ಮಗುವಿನ ವಿಷಯಕ್ಕೆ ಬರುತ್ತೇನೆ. ಅವಳು ಅಲ್ಲಿ ನಾಲ್ಕನೇ ಬಿ ಮಕ್ಕಳ ನಡುವೆ ಕೂತಿದ್ದಾಳೆ. ಮನೆಯಲ್ಲಿ ಅವಳಿಗೆ ಚಿಟಿಕೆ ಎಂದು ಹೆಸರು, ಇಟ್ಟದ್ದು ಅಜ್ಜಿ. ಗಲಾಟೆ ಜಾಸ್ತಿಯಾದರೆ ಅವಳು ಕಿವಿಯ ಪಕ್ಕ ಬೆರಳಿನಿಂದ ಚಿಟಿಕೆ ಹೊಡೆಯುತ್ತಾಳೆ. ಹಾಗೆ ಹೊಡೆದರೆ ಜಗತ್ತಿನ ಗಲಾಟೆ ಅವಳ ತಾಳಕ್ಕೆ ಬರುತ್ತದೆ. ಡಾಕ್ಟರು ಅವಳ ಸ್ಥಿತಿಗೆ ಇನ್ನೊಂದು ಉದ್ದನೆಯ ಹೆಸರು ಹೇಳಿದಾಗ ಅಜ್ಜಿ, "ಈಗಾಗ್ಲೇ ಎರಡು ಹೆಸರಿದೆ, ಸಾಕು" ಎಂದು ಎದ್ದು ಬಂದರಂತೆ. ಮೂರನೆಯದನ್ನು ನಾನೂ ಇಲ್ಲಿ ಎತ್ತುವುದಿಲ್ಲ. ಚಿಟಿಕೆ ಮಾತನ್ನು ಅಳೆದು ಕೊಡುತ್ತಾಳೆ, ನಾನು ಸುರಿದು ಕೊಡುತ್ತೇನೆ. ದೇವರು ಜೋಡಿ ಮಾಡುವಾಗ ನಗುತ್ತಾ ಮಾಡಿರಬೇಕು.

ನಾನು ಸೇರಿದಾಗ ಅವಳು ಕೆಳಗಿನ ಪುಟ್ಟ ಕೋಣೆಯಲ್ಲಿದ್ದಳು. ನಿಮಗೆಲ್ಲ ಗೊತ್ತು, ನೀಲಿ ಪರದೆಯ ಕೋಣೆ, ಮೆತ್ತನೆಯ ಚಾಪೆ, ಒಬ್ಬರೇ ಟೀಚರ್, ನಾಲ್ಕೈದು ಮಕ್ಕಳು. ಒಳ್ಳೆಯ ಕೋಣೆಯೇ. ಆದರೆ ಚಿಟಿಕೆ ದಿನಾ ಆ ಕಿಟಕಿಯಿಂದ, ಮೆಟ್ಟಿಲು ಹತ್ತುವ ಮಕ್ಕಳ ಕಾಲುಗಳನ್ನೇ ನೋಡುತ್ತಿದ್ದಳು. ಅವಳ ಅಮ್ಮ ದರ್ಜಿ. ಶಾಲೆಯ ಅರ್ಧ ಸಮವಸ್ತ್ರಗಳನ್ನು ಹೊಲಿದವರು ಅವರೇ. ಅವರು ಒಂದು ದಿನ ನನ್ನ ಹತ್ತಿರ ಬಂದು, "ಮಿಸ್, ನಾನು ಹೊಲಿದ ಅಂಗಿಗಳೆಲ್ಲ ಮೇಲೆ ಹೋಗ್ತವೆ. ನಾನು ಹೆತ್ತವಳು ಮಾತ್ರ ಕೆಳಗೆ ಕೂತಿದ್ದಾಳೆ" ಎಂದರು. ಇಷ್ಟೇ ಹೇಳಿದ್ದು. ಮಗಳಿಗೆ ಅಳತೆ ಎಲ್ಲಿಂದ ಬಂತು ಎಂದು ಆಗ ನನಗೆ ಗೊತ್ತಾಯಿತು.

ಸರಿ, ಮೇಲೆ ಹೋದೆವು. ಹೋದೆವು ಎಂದರೆ ನಾಲ್ಕನೇ ಬಿ ಬಾಗಿಲಿನವರೆಗೆ. ಒಳಗೆ ಕಾಲಿಡಲು ಚಿಟಿಕೆ ಒಪ್ಪಲಿಲ್ಲ. ಹಾಗಾಗಿ ಬೆಳಗ್ಗೆ ಹಾಜರಿ ಕರೆಯುವಷ್ಟು ಹೊತ್ತು ಹೊಸ್ತಿಲ ಹೊರಗೆ ನಿಂತು, ಮತ್ತೆ ಕೆಳಗೆ. ಹೀಗೆ ಎಷ್ಟು ದಿನ? ನನ್ನ ಹಿಮ್ಮಡಿಯನ್ನು ಕೇಳಿ. ನಾಲ್ಕನೇ ಬಿ ಟೀಚರ್ ಹಾಜರಿ ಕರೆಯುವುದನ್ನು ನೀವು ಕೇಳಿದ್ದೀರಲ್ಲ? ಪ್ರತಿ ಐದಾರು ಹೆಸರಿಗೆ ಒಮ್ಮೆ ಸಣ್ಣ ಕೆಮ್ಮು, ಕೆಮ್ಮಿದ ಮೇಲೆ ಕನ್ನಡಕ ಮೇಲಕ್ಕೆ. ಒಂದು ಬೆಳಗ್ಗೆ ಟೀಚರ್ ಬರುವುದು ತಡವಾಯಿತು. ಚಿಟಿಕೆ ಬಾಗಿಲಲ್ಲೇ ನಿಂತು ಇಡೀ ಹಾಜರಿಯನ್ನು ಶುರುಮಾಡಿದಳು! ಅದೇ ಕ್ರಮ, ಅದೇ ರಾಗ, ಕೆಮ್ಮು ಬರುವ ಕಡೆ ಕೆಮ್ಮು, ಇಲ್ಲದ ಕನ್ನಡಕವೂ ಮೇಲಕ್ಕೆ. ಮಕ್ಕಳೋ, ಅಭ್ಯಾಸಬಲ, "ಪ್ರೆಸೆಂಟ್ ಮಿಸ್, ಪ್ರೆಸೆಂಟ್ ಮಿಸ್" ಎನ್ನುತ್ತಾ ಹೋದರು. ಅಷ್ಟರಲ್ಲಿ ಟೀಚರ್ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅವರು ಪೂರ್ತಿ ಕೇಳಿ, "ಕೆಮ್ಮು ಸರಿಯಾಗಿದೆ. ಮುಂದುವರಿಸು" ಎಂದರು.

ಅಂದಿನಿಂದ ಬೆಳಗಿನ ಹಾಜರಿ ಹೊಸ್ತಿಲಿನಿಂದ. ಮತ್ತೊಂದು ದಿನ, ಯಾರೂ ಹೇಳಿಕೊಟ್ಟದ್ದಲ್ಲ, ಹೆಸರುಗಳ ನಡುವೆ ಅಕ್ಷರಕ್ರಮದಲ್ಲಿ ಎಲ್ಲಿ ಬರಬೇಕೋ ಅಲ್ಲೇ ಚಿಟಿಕೆ ತನ್ನ ಹೆಸರನ್ನು ಕರೆದಳು. ತಾನೇ "ಪ್ರೆಸೆಂಟ್ ಮಿಸ್" ಎಂದಳು. ಮುಂದಿನ ಹೆಸರಿಗೆ ಹೋದಳು.

ಟೀಚರ್ ಪೆನ್ನು ಕೆಳಗಿಟ್ಟರು. "ಪ್ರೆಸೆಂಟ್ ಅಂದೋರು ಒಳಗೆ ಕೂತಿರ್ಬೇಕು. ನಮ್ಮ ಕ್ಲಾಸಿನ ರೂಲ್ಸು" ಎಂದರು. ರೂಲ್ಸು ಎಂದರೆ ಚಿಟಿಕೆಗೆ ಪ್ರಾಣ. ಹೊಸ್ತಿಲನ್ನು ಒಮ್ಮೆ ನೋಡಿದಳು, ಚಿಟಿಕೆ ಹೊಡೆಯುತ್ತಾ ಒಳಗೆ ಹೋದಳು, ಎರಡನೇ ಬೆಂಚಿನಲ್ಲಿ ಕೂತಳು. ನನ್ನ ಎಂಟು ತರಬೇತಿ ಪುಸ್ತಕಗಳಲ್ಲಿ ಇಲ್ಲದ ಉಪಾಯ ಟೀಚರ್ ಅವರ ಒಂದು ಕೆಮ್ಮಿನಲ್ಲಿ ಇತ್ತು. ನಾನು ಅಲ್ಲಿಯೇ ಚಪ್ಪಾಳೆ ತಟ್ಟಿದೆ, ಕುಣಿದೆ ಎಂದೂ ಹೇಳುತ್ತಾರೆ. ಟೀಚರ್ ನನಗೆ ಹೇಳಿದ ಮೊದಲ ಮಾತು: "ಮಿಸ್, ಸದ್ದು."

ಇಲ್ಲಿಂದ ಖುರ್ಚಿಯ ಕಥೆ ಶುರು. ಸ್ಟಾಫ್ ರೂಮಿನಿಂದ ಒಂದು ಮರದ ಖುರ್ಚಿ ತಂದು ಚಿಟಿಕೆಯ ಬೆಂಚಿನ ಪಕ್ಕ ಹಾಕಿದರು. ಅದರಲ್ಲಿ ನಾನು. ಯೋಜನೆ ಏನೆಂದರೆ, ಅವಳು ಚೆನ್ನಾಗಿ ಹೊಂದಿಕೊಂಡಂತೆಲ್ಲ ಖುರ್ಚಿ ಹಿಂದಕ್ಕೆ. ಪಕ್ಕದಿಂದ ಬೆನ್ನ ಹಿಂದೆ, ಅಲ್ಲಿಂದ ಕೊನೆಯ ಬೆಂಚಿನ ಹತ್ತಿರ, ಅಲ್ಲಿಂದ ಬಾಗಿಲು, ಬಾಗಿಲಿನಿಂದ ಕಾರಿಡಾರು. ಮಕ್ಕಳಿಗೆ ಈ ಯೋಜನೆ ಹೇಳಿರಲಿಲ್ಲ. ಯಾಕೆ ಹೇಳಬೇಕು? ಖುರ್ಚಿ ಸರಿದದ್ದು ಯಾರ ಗಮನಕ್ಕೂ ಬರಬಾರದು ಎಂಬುದೇ ಶಾಸ್ತ್ರ.

ಈಗ ನನ್ನ ಬಗ್ಗೆ ಎರಡು ಮಾತು. ನಾಲ್ಕನೇ ತರಗತಿಯ ಪಾಠ ಇಷ್ಟು ಸೊಗಸಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದರು, ಏನೂ ಅರ್ಥವಾಗಿರಲಿಲ್ಲ. ಇಲ್ಲಿ ಟೀಚರ್ ನದಿ ಹೇಗೆ ಹುಟ್ಟುತ್ತದೆ ಎಂದು ಹೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. "ಬಾವಲಿ ಹಕ್ಕಿಯೋ, ಪ್ರಾಣಿಯೋ?" ಎಂದು ಕೇಳಿದರೆ ನನಗೆ ಉತ್ತರ ಗೊತ್ತು, ತಡೆಯುವುದು ಹೇಗೆ? ಕೈ ಎತ್ತಿದೆ. ಒಂದು ಸಲ ಕೈ ಎತ್ತದೆಯೇ ಕೂಗಿದೆ. ಟೀಚರ್ ಹಲ್ಲು ಕಚ್ಚಿಕೊಂಡು, "ಮಿಸ್, ಮಕ್ಕಳಿಗೂ ಸ್ವಲ್ಪ ಬಿಡಿ" ಎಂದರು. ಮರುದಿನವೇ ಖುರ್ಚಿ ಬೆನ್ನ ಹಿಂದೆ ಹೋಗುವ ದಿನವಾಗಿತ್ತು, ಹೋಯಿತು. ಅಲ್ಲಿ ಕೂತು ಪಕ್ಕದ ಹುಡುಗಿಗೆ ಅವಳ ರಿಬ್ಬನ್ ಎಷ್ಟು ಚೆನ್ನಾಗಿದೆ ಎಂದು ಹೇಳುತ್ತಿದ್ದೆ. ಮತ್ತೆ "ಮಿಸ್!" ಮುಂದಿನ ವಾರ ಖುರ್ಚಿ ಕೊನೆಯ ಬೆಂಚಿಗೆ. ಕೊನೆಯ ಬೆಂಚಿನವರು ಎಂಥ ಒಳ್ಳೆಯ ಮಕ್ಕಳು, ಎಷ್ಟು ವಿಷಯ ಇರುತ್ತದೆ ಅವರ ಹತ್ತಿರ! ಮತ್ತೆ "ಮಿಸ್!" ಖುರ್ಚಿ ಬಾಗಿಲಿಗೆ.

ಸಭಿಕರೇ, ಈ ಎರಡು ಸಂಗತಿಗಳಿಗೂ ಸಂಬಂಧವಿಲ್ಲ. ಖುರ್ಚಿ ಸರಿದದ್ದು ಚಿಟಿಕೆಯ ಪ್ರಗತಿಗೆ. ನನ್ನನ್ನು ಗದರಿದ್ದು ನನ್ನ ಬಾಯಿಗೆ. ಇದನ್ನು ಈಗಲೇ ಸ್ಪಷ್ಟಪಡಿಸುತ್ತೇನೆ, ಯಾಕೆಂದರೆ ಮುಂದೆ ಬೇಕಾಗುತ್ತದೆ.

ಒಂದೆರಡು ಸಲ ಬೆಳಗ್ಗೆ ಬಂದು ನೋಡಿದರೆ ಖುರ್ಚಿ ನಿನ್ನೆ ಇದ್ದ ಕಡೆಗಿಂತ ಸ್ವಲ್ಪ ಮುಂದೆ ಇರುತ್ತಿತ್ತು. ಕಸ ಗುಡಿಸುವಾಗ ಸರಿದಿರಬಹುದು. ನೆಲವೂ ಅಲ್ಲಿ ಸ್ವಲ್ಪ ಇಳಿಜಾರು. ಟೀಚರ್, ನೀವು ಹಾಗೆ ನಗಬೇಡಿ. ಇಳಿಜಾರು ಇದೆ.

ಕೊನೆಗೆ ಖುರ್ಚಿ ಕಾರಿಡಾರಿಗೆ ಬಂತು. ಒಳಗೆ ಚಿಟಿಕೆ ಒಬ್ಬಳೇ. ಹೊರಗೆ ನಾನು ಒಬ್ಬಳೇ. ಅಲ್ಲಲ್ಲ, ನಾನು ಒಬ್ಬಳೇ ಅಲ್ಲ. ಕಾರಿಡಾರಿನ ತುದಿಯಲ್ಲಿ, ಗಾಲಿಕುರ್ಚಿಯ ಮಕ್ಕಳಿಗಾಗಿ ಮಂಡಳಿಯವರು ಲಿಫ್ಟ್ ಹಾಕಿಸುತ್ತಿದ್ದರು. ಅದನ್ನು ಜೋಡಿಸಲು ಬೇರೆ ಊರಿನ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಉಳಿದದ್ದನ್ನು ನೀವು ಊಹಿಸಿದ್ದೀರಿ. ಮೂರನೇ ಸಾಲಿನಲ್ಲಿ ಒಬ್ಬರ ಕಿವಿ ಕೆಂಪಾಗಿದೆ, ನೋಡಿ.

ಅವರು ನನಗೆ ಹೇಳಿದ ಮೊದಲ ಪ್ರೇಮದ ಮಾತು: "ಸ್ವಲ್ಪ ಕಾಲು ಎತ್ತಿ, ವೈರ್ ಹೋಗ್ಬೇಕು." ಎರಡನೆಯದು: "ನಿಮ್ಮನ್ನ ಯಾಕೆ ಹೊರಗೆ ಕೂರ್ಸಿದ್ದಾರೆ?" ನಾನು ನೆರಳು ಶಿಕ್ಷಣದ ಸಿದ್ಧಾಂತವನ್ನು ಮೊದಲಿನಿಂದ ವಿವರಿಸಿದೆ. ಊಟದ ಗಂಟೆ ಹೊಡೆಯಿತು. ಅವರು ಅಷ್ಟು ಹೊತ್ತೂ ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ. ಆಮೇಲೆ ಗೊತ್ತಾಯಿತು, ಆ ಸ್ಪ್ಯಾನರ್‌ನಿಂದ ಒಂದು ಭಾರವಾದ ಕಬ್ಬಿಣವನ್ನು ತಡೆಹಿಡಿದಿದ್ದರಂತೆ, ಬಿಟ್ಟು ಹೋಗುವಂತಿರಲಿಲ್ಲ. ಇರಲಿ. ಕೇಳಿದ್ದು ಕೇಳಿದ್ದೇ.

ತಿಂಗಳಲ್ಲಿ ಮುಗಿಯಬೇಕಿದ್ದ ಲಿಫ್ಟ್ ಮುಗಿಯಲಿಲ್ಲ. ದೊಡ್ಡ ಮೇಡಂ ಒಂದು ದಿನ ಮೆಟ್ಟಿಲು ಹತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ಏನಪ್ಪಾ, ಪಕ್ಕದ ರಸ್ತೆಯಲ್ಲಿ ಆರು ಮಹಡಿ ಕಟ್ಟಡವೇ ಎದ್ದು ನಿಂತಿತು. ನಿನ್ನ ಲಿಫ್ಟ್ ಒಂದು ಮಹಡಿ ಏಳ್ತಿಲ್ವಲ್ಲ?"

"ಸ್ವಲ್ಪ ಹೊಂದಾಣಿಕೆ ಬಾಕಿ ಇದೆ ಮೇಡಂ" ಎಂದರು ಇವರು.

ಮೇಡಂ ನನ್ನ ಕಡೆ ನೋಡಿದರು. "ಎರಡು ಮನೆಯೋರೂ ಒಪ್ಪಿದ್ರೆ ಆ ಹೊಂದಾಣಿಕೆ ಬೇಗ ಮುಗಿಸಿ. ಮಕ್ಕಳು ಕಾಯ್ತಾ ಇದ್ದಾರೆ."

ಮನೆಯವರು ಒಪ್ಪಿದರು. ನನ್ನ ಅಪ್ಪ ಒಂದೇ ಪ್ರಶ್ನೆ ಕೇಳಿದ್ದು: "ಹುಡುಗನಿಗೆ ತಾಳ್ಮೆ ಇದೆಯಾ?" ಮದುವೆ ನಿಶ್ಚಯವಾಯಿತು. ಆಮೇಲೆ ನಾನು ಇವರ ಊರಿಗೆ ಹೋಗಬೇಕು. ಇಲ್ಲಿಗೆ ಬಂತು ನೋಡಿ ಪೇಚು.

ದೊಡ್ಡ ಮೇಡಂ ತಮ್ಮ ಕೋಣೆಯಲ್ಲಿ ಸಭೆ ಕರೆದರು. ಅವರು, ಟೀಚರ್, ಚಿಟಿಕೆಯ ಅಮ್ಮ, ನಾನು. ಮೇಡಂ ಸುತ್ತಿಬಳಸದೆ ಹೇಳಿದರು: "ಹೊರಗೆ ನೀನಿದ್ದೀಯ ಅಂತ ಗೊತ್ತಿದ್ದು ಅವಳು ಒಳಗೆ ಕೂರೋದು ಬೇರೆ. ನೀನು ಕಾಣದೇ ಇದ್ರೂ ಕೂರ್ತಾಳಾ? ನಾಳೆಯಿಂದ ಖುರ್ಚಿ ಮೆಟ್ಟಿಲ ಕೆಳಗೆ. ಒಂದು ವಾರ ನೋಡೋಣ. ಕ್ಲಾಸ್ ಬಿಟ್ಟು ಎದ್ದು ಬಂದ್ರೆ, ಬೇಜಾರು ಮಾಡ್ಕೋಬೇಡಿ, ಮತ್ತೆ ಪುಟ್ಟ ಕೋಣೆಗೇ ಕಳ್ಸೋದು. ಇನ್ನೊಬ್ಬ ನೆರಳು ಟೀಚರ್ ಸಿಗೋವರೆಗೆ ಬೇರೆ ದಾರಿ ಇಲ್ಲ." ಇನ್ನೊಬ್ಬರು ಸಿಗುವುದು ಎಷ್ಟು ಕಷ್ಟ ಎಂದು ಆ ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಹೊರಗೆ ಬಂದ ಮೇಲೆ ನಾನು ಅಮ್ಮನ ಮುಖ ನೋಡಲಾಗದೆ ನಿಂತೆ. ಅವರು ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಹೇಳಿದರು: "ಮದುವೆ ಆಗ್ಬೇಡಿ ಮಿಸ್ ಅಂತ ಹೇಳೋಕಾಗಲ್ಲ. ಹೇಳ್ಬೇಕು ಅನ್ಸುತ್ತೆ, ಅಷ್ಟೇ." ಆಮೇಲೆ ಟೇಪನ್ನು ಬಿಚ್ಚಿ ನನ್ನ ಭುಜಕ್ಕೆ ಹಿಡಿದು, "ಮದುವೆ ಬ್ಲೌಸ್ ನಾನೇ ಹೊಲೀತೀನಿ, ಬೇರೆ ಕಡೆ ಕೊಡ್ಬೇಡಿ" ಎಂದರು.

ಮರುದಿನ ಖುರ್ಚಿ ಮೆಟ್ಟಿಲ ಕೆಳಗೆ ಹೋಯಿತು. ನಾನು ಅಲ್ಲಿ ಕೂತು ಮೇಲಿನ ಸದ್ದಿಗೆ ಕಿವಿಕೊಟ್ಟೆ. ಹಾಜರಿ ಕೇಳಿಸಿತು, ಕೆಮ್ಮು ಕೇಳಿಸಿತು. ಇವರು ಲಿಫ್ಟಿನ ಗುಂಡಿಯಿಂದ ತಲೆ ಹೊರಗೆ ಹಾಕಿ "ಟೀ ತರ್ಲಾ?" ಎಂದರು. "ಶ್!" ಎಂದೆ. ನಾನು ಇನ್ನೊಬ್ಬರಿಗೆ "ಶ್" ಎಂದದ್ದು ಅದೇ ಮೊದಲು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಚಿಟಿಕೆ ಕೂತಿದ್ದಳು. ಊಟಕ್ಕೆ ಇಳಿಯುವಾಗ ನನ್ನನ್ನೂ ಖುರ್ಚಿಯನ್ನೂ ನೋಡುತ್ತಾ ಹೋಗುತ್ತಿದ್ದಳು. ಹುಬ್ಬು ಗಂಟು ಹಾಕಿಕೊಂಡು, ಏನೋ ಲೆಕ್ಕ ಮಾಡುವವಳ ಹಾಗೆ.

ಮೂರನೇ ದಿನ, ಎರಡನೇ ಪೀರಿಯಡ್ಡಿನ ನಡುವೆ ಮೇಲಿನಿಂದ ಆ ಸದ್ದು ಬಂತು. ಚಿಟಿಕೆಯ ಸದ್ದು. ಟಕ್, ಟಕ್, ಟಕ್. ಬಾಗಿಲಿನಿಂದ ಕಾರಿಡಾರಿಗೆ, ಕಾರಿಡಾರಿನಿಂದ ಮೆಟ್ಟಿಲಿಗೆ. ಅವಳು ಎದ್ದು ಬಂದಿದ್ದಳು.

ಮುಗಿಯಿತು ಅಂದುಕೊಂಡೆ. ಬ್ಲೌಸಿನ ಅಳತೆ ತೆಗೆದುಕೊಂಡಿದ್ದ ಆ ತಾಯಿಗೆ ಏನು ಹೇಳಲಿ? ಆದರೂ ಎದ್ದು ನಿಂತು ಎರಡೂ ಕೈ ಚಾಚಿದೆ. ಚಿಟಿಕೆ ಕೊನೆಯ ಮೆಟ್ಟಿಲು ಇಳಿದಳು, ನನ್ನ ಕೈಗಳನ್ನು ನೋಡಿದಳು, ಅವು ಬಾಗಿಲಿಗೆ ಅಡ್ಡವಿದ್ದ ಕೋಲುಗಳೋ ಎಂಬಂತೆ ಸುತ್ತಿ ದಾಟಿದಳು. ಪುಟ್ಟ ಕೋಣೆಯ ಕಡೆ ನಡೆದಳು. ಬಾಗಿಲು ತೆರೆದಿತ್ತು, ನೀಲಿ ಪರದೆ ಗಾಳಿಗೆ ಅಲ್ಲಾಡುತ್ತಿತ್ತು. ಅದನ್ನೂ ದಾಟಿದಳು. ಆಮೇಲೆ ಇರುವುದು ಒಂದೇ ಬಾಗಿಲು. ಈ ಸಭೆಯಲ್ಲಿರುವ ದೊಡ್ಡವರೂ ಕರೆಯದೆ ತಟ್ಟದ ಬಾಗಿಲು. ಚಿಟಿಕೆ ದೊಡ್ಡ ಮೇಡಂ ಬಾಗಿಲು ತಟ್ಟಿ ಒಳಗೆ ಹೋದಳು!

ಅವಳು ನನ್ನ ಹತ್ತಿರ ಬರಲಿಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆಮೇಲೆ.

ಒಳಗೆ ನಡೆದದ್ದನ್ನು ದೊಡ್ಡ ಮೇಡಂ ಎಷ್ಟು ಸಲ ಹೇಳಿದ್ದಾರೆಂದರೆ ನನಗೂ ಚಿಟಿಕೆಯ ಹಾಜರಿಯ ಹಾಗೆ ಬಾಯಿಪಾಠವಾಗಿದೆ. ಅವಳು ಮೇಜಿನ ಮುಂದೆ ನಿಂತು, ಮೇಡಂ ಮುಖ ನೋಡದೆ, ಮೇಜಿನ ಮೇಲಿದ್ದ ಪೆನ್ನುಗಳನ್ನು ಉದ್ದದ ಕ್ರಮದಲ್ಲಿ ಜೋಡಿಸುತ್ತಾ ಹೇಳಿದಳಂತೆ:

"ಮಿಸ್ ಪಾಪ. ಒಳಗೆ ಕರ್ಕೊಳಿ."

"ಯಾವ ಮಿಸ್?"

"ನಮ್ಮ ಮಿಸ್. ಹೊರಗೆ ಹಾಕಿದ್ದೀರಿ."

"ನಾವ್ಯಾಕೆ ಹೊರಗೆ ಹಾಕೋಣ ಪುಟ್ಟಾ?"

ಚಿಟಿಕೆ ಒಂದೊಂದೇ ಪೆನ್ನು ಇಡುತ್ತಾ ವಿವರಿಸಿದಳು. "ಕ್ಲಾಸಲ್ಲಿ ಮಾತಾಡಿದ್ರು. ಹಿಂದೆ ಕೂರ್ಸಿದ್ರಿ. ಅಲ್ಲೂ ಮಾತಾಡಿದ್ರು. ಲಾಸ್ಟ್ ಬೆಂಚು. ಅಲ್ಲೂ. ಬಾಗಿಲು. ಆಮೇಲೆ ಕಾರಿಡಾರು. ಲಿಫ್ಟ್ ಮಾಮನ ಹತ್ರ ತುಂಬಾ ಮಾತಾಡಿದ್ರು. ಈಗ ಮೆಟ್ಟಿಲ ಕೆಳಗೆ." ಪೆನ್ನುಗಳು ಮುಗಿದವು. "ಇನ್ನು ಗೇಟು. ಆಮೇಲೆ ರಸ್ತೆ. ಪಾಪ. ಇನ್ನು ಮಾತಾಡಲ್ಲ. ನಾನು ನೋಡ್ಕೋತೀನಿ."

ಸಭಿಕರೇ, ನಗಿ, ಪರವಾಗಿಲ್ಲ. ಆದರೆ ನಾನು ಈಗ ತಾನೇ ನಿಮಗೆ ಸ್ಪಷ್ಟಪಡಿಸಿದ್ದೆನಲ್ಲ, ಆ ಎರಡು ಸಂಗತಿಗಳಿಗೆ ಸಂಬಂಧವಿಲ್ಲ ಎಂದು? ಆ ಮಗುವಿನ ಜಾಗದಲ್ಲಿ ಕೂತು ನೋಡಿ. ಸಂಬಂಧವಿಲ್ಲ ಎಂದು ನೀವಾದರೂ ಹೇಳುತ್ತೀರಾ? ನನಗೇ ಈಗ ಅನುಮಾನ. ಟೀಚರ್, ನಿಜ ಹೇಳಿ, ಒಂದು ಸಲವಾದರೂ ನನ್ನ ಬಾಯಿಗೇ ಖುರ್ಚಿ ಸರಿಸಿದಿರಾ? ನೋಡಿ, ಕನ್ನಡಕ ಮೇಲಕ್ಕೆ ಹೋಯಿತು.

ದೊಡ್ಡ ಮೇಡಂ ಚಿಟಿಕೆಯನ್ನು ಕೇಳಿದರಂತೆ, "ಇದನ್ನ ಹೇಳ್ಬೇಕು ಅಂತ ನಿನಗೆ ಯಾರು ಹೇಳಿದ್ರು?" "ಎಲ್ಲರೂ" ಎಂದಳು. ವಿಚಾರಿಸಿದರೆ, ಇಡೀ ನಾಲ್ಕನೇ ಬಿ ಎರಡು ದಿನ ಊಟದ ವೇಳೆಯಲ್ಲಿ ಸಭೆ ಸೇರಿತ್ತಂತೆ. ವಿಷಯ ನಾನು. ಮಿಸ್‌ಗೆ ಶಿಕ್ಷೆ ಜಾಸ್ತಿಯಾಯಿತು ಎಂದು ಸರ್ವಾನುಮತ. ಆದರೆ ದೊಡ್ಡ ಮೇಡಂ ಹತ್ತಿರ ಹೋಗಿ ಹೇಳುವವರು ಯಾರು? ಕ್ಲಾಸ್ ಲೀಡರಿಗೆ ಹೊಟ್ಟೆನೋವು ಬಂತು. ಓಟದಲ್ಲಿ ಫಸ್ಟ್ ಬರುವವನಿಗೆ ಕಾಲುನೋವು. ಆಗ ಚಿಟಿಕೆ, "ನಾನು" ಎಂದಳಂತೆ. ಟೀಚರ್ ಹತ್ತಿರ ಹೋಗಿ, ಎಲ್ಲರ ಹಾಗೆ ಕೈ ಎತ್ತಿ, ಅನುಮತಿ ಕೇಳಿಯೇ ಎದ್ದು ಬಂದಿದ್ದಳು. ಕ್ಲಾಸ್ ಬಿಟ್ಟು ಬಂದವಳಲ್ಲ ಅವಳು, ಕ್ಲಾಸಿನ ಪರವಾಗಿ ಬಂದವಳು!

ನನ್ನನ್ನು ಒಳಗೆ ಕರೆದರು. ಮೇಡಂ ಮುಖದಲ್ಲಿ ನಗುವಿರಲಿಲ್ಲ, ಕಣ್ಣು ಮಾತ್ರ ಒದ್ದೆಯಾಗಿತ್ತು. ದೂಳು ಎಂದರು. "ನಿನಗೆ ಕ್ಷಮೆ ಸಿಕ್ಕಿದೆ. ಜಾಮೀನು ಕೊಟ್ಟಿದ್ದಾಳೆ. ನಡಿ ಮೇಲೆ."

ಆ ಪೀರಿಯಡ್ ನಾನು ಮತ್ತೆ ಎರಡನೇ ಬೆಂಚಿನ ಪಕ್ಕ ಕೂತೆ. ಕ್ಲಾಸಿಗೆ ಕ್ಲಾಸೇ ನನ್ನನ್ನು ಜೈಲಿನಿಂದ ಬಂದ ನೆಂಟರ ಹಾಗೆ ನೋಡಿತು. ಟೀಚರ್ ಗ್ರಹಗಳ ಪಾಠ ಮಾಡುತ್ತಿದ್ದರು. ಅತಿ ದೊಡ್ಡ ಗ್ರಹ ಯಾವುದು ಎಂದು ಕೇಳಿದರು. ನನ್ನ ಕೈ ತಾನಾಗಿಯೇ ಏಳುತ್ತಿತ್ತು. ಚಿಟಿಕೆ ನನ್ನ ಕಡೆ ತಿರುಗದೆಯೇ ಎರಡು ಸಲ ಬೆರಳು ಹೊಡೆದಳು. ಟಕ್, ಟಕ್. ನನ್ನ ಕೈ ಇಳಿಯಿತು. ಆಮೇಲೆ ಅವಳ ಕೈ ಎದ್ದಿತು.

ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಂದು ವಾರ ಬೇಡ, ಸಾಕು" ಎಂದು ಹೇಳಿ ಇಳಿದುಹೋದರು. ಪುಟ್ಟ ಕೋಣೆಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ಮದುವೆಗೆ ಚಿಟಿಕೆ ಬಂದಿದ್ದಳು. ಗಲಾಟೆಗೆ ಹೆದರಿ ಹೊರಡುತ್ತಾಳೆ ಅಂದುಕೊಂಡಿದ್ದೆ. ನಾನು ಈ ಊರು ಬಿಟ್ಟು ಹೋಗುತ್ತೇನೆ ಎಂದು ತಿಳಿದಾಗ ನಾಲ್ಕನೇ ಬಿ ಮಕ್ಕಳ ಅಭಿಪ್ರಾಯ ಏನಿತ್ತು ಗೊತ್ತೇ? "ಮಿಸ್‌ನ ಊರಿಂದಲೇ ಹೊರಗೆ ಹಾಕ್ಬಿಟ್ರು." ಚಿಟಿಕೆ ಅದನ್ನು ನಂಬಿ, ನೇರವಾಗಿ ನಮ್ಮ ಅತ್ತೆಯ ಮುಂದೆ ಹೋಗಿ ನಿಂತು ವಿಚಾರಿಸಿದಳು: "ನಿಮ್ಮನೇಲಿ ಮಾತಾಡ್ಬಹುದಾ?"

ಅತ್ತೆ ಗಂಭೀರವಾಗಿ, "ಎಷ್ಟು ಬೇಕಾದ್ರೂ ಮಾತಾಡ್ಲಿ ಕಂದಾ. ನಂಗೆ ಒಂದು ಕಿವಿ ಕೇಳಲ್ಲ" ಎಂದರು.

ಚಿಟಿಕೆ ಯೋಚಿಸಿ ತಲೆಯಾಡಿಸಿದಳು. ಅಂದರೆ ಒಪ್ಪಿಗೆ. ನನ್ನ ಅಪ್ಪ ಒಪ್ಪಿದಾಗಲೂ ನನಗೆ ಅಷ್ಟು ನಿರಾಳ ಆಗಿರಲಿಲ್ಲ.

ನಾನು ಹೋದ ಮೇಲೂ ಖುರ್ಚಿಯನ್ನು ಮತ್ತೆ ಕಾರಿಡಾರಿನಲ್ಲಿ ಇಡಿ ಎಂದು ಹೇಳಿ ಹೋಗಿದ್ದೆ. ಖಾಲಿ ಖುರ್ಚಿ. ಚಿಟಿಕೆ ಬೆಳಗ್ಗೆ ಬಂದು ಅದನ್ನು ಒಮ್ಮೆ ಮುಟ್ಟಿ ಒಳಗೆ ಹೋಗುತ್ತಿದ್ದಳಂತೆ. ಆಮೇಲೆ ಮುಟ್ಟದೆ, ನೋಡಿ ಮಾತ್ರ. ಆಮೇಲೆ ನೋಡದೆ. ಇದನ್ನೆಲ್ಲ ಟೀಚರ್ ಫೋನಿನಲ್ಲಿ ಹೇಳುತ್ತಿದ್ದರು, ನಾನು ಆ ಊರಿನ ಅಡುಗೆಮನೆಯಲ್ಲಿ ನಿಂತು "ಹೌದಾ? ಹೌದಾ?" ಎಂದು ಕುಣಿಯುತ್ತಿದ್ದೆ. "ನೋಡದೆ" ಎಂದ ದಿನ ಮಾತ್ರ ಕುಣಿಯಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ಅತ್ತೆ ಏನೂ ಕೇಳಲಿಲ್ಲ.

ನಿನ್ನೆ ಖುರ್ಚಿಯೇ ಹೋಯಿತು. ಯಾಕೆ ಎಳೆದೆ ಎಂದು ಕೇಳಿದರೆ, "ಲಿಫ್ಟಿಗೆ ಅಡ್ಡ. ಗಾಲಿಕುರ್ಚಿ ಬರ್ಬೇಕು" ಎಂದಳಂತೆ. ಹೌದು, ಲಿಫ್ಟ್ ಮುಗಿದಿದೆ. ಬರುವ ವರ್ಷ ಐದನೇ ತರಗತಿಯ ಹಾಜರಿ ಪುಸ್ತಕದಲ್ಲಿ, ಅಕ್ಷರಕ್ರಮದಲ್ಲಿ ಎಲ್ಲಿ ಬರಬೇಕೋ ಅಲ್ಲೇ, ಅವಳ ಹೆಸರಿದೆ. ಪಕ್ಕದಲ್ಲಿ ಯಾವ ವಿಶೇಷ ಗುರುತೂ ಇಲ್ಲ. ನಾನು ಇವತ್ತು ಬಂದ ಕೂಡಲೇ ಹೋಗಿ ನೋಡಿ ಬಂದೆ.

ಇಷ್ಟು ಹೇಳಿ... ಓ, ಕೇಳಿಸಿತೇ? ನಾಲ್ಕನೇ ಬಿ ಸಾಲಿನಿಂದ. ಟಕ್, ಟಕ್. ಎರಡು ಹೊಡೆದರೆ ಸಾಕು ಎಂದರ್ಥ. ನಮ್ಮವರು ಇಷ್ಟು ಹೊತ್ತು ಗಡಿಯಾರ ತೋರಿಸಿದರೂ ಆಗದ್ದು ಅವಳ ಎರಡು ಬೆರಳಿಗೆ ಆಗುತ್ತದೆ. ಮುಗಿಸುತ್ತೇನೆ ಚಿಟಿಕೆ, ಒಂದೇ ನಿಮಿಷ, ಜಾಮೀನು ಹೋಗುವುದಿಲ್ಲ.

ಬಾಗಿಲು ತೆರೆದ ದೊಡ್ಡ ಮೇಡಂಗೆ, ಕೆಮ್ಮಿದ ಟೀಚರಿಗೆ, ನನ್ನ ಪರವಾಗಿ ಸಭೆ ಸೇರಿದ ನಾಲ್ಕನೇ ಬಿ ಮಕ್ಕಳಿಗೆ, ಸ್ಪ್ಯಾನರ್ ಬಿಡದೆ ನಿಂತವರಿಗೆ, ಈ ಬ್ಲೌಸ್ ಹೊಲಿದ ಅಮ್ಮನಿಗೆ, ಕಿವಿ ಕೇಳದ ಅತ್ತೆಗೆ, ಕಿವಿ ಕೇಳಿದರೂ ಕೂತಿದ್ದ ನಿಮಗೆಲ್ಲರಿಗೂ ನನ್ನ ತುಂಬು ಮನಸ್ಸಿನ ಕೃತಜ್ಞತೆಗಳು, ನಮಸ್ಕಾರಗಳು.

ಫಲಕ ಮೇಜಿನ ಮೇಲೆಯೇ ಉಳಿಯಿತು, ತೆಗೆದುಕೊಳ್ಳುತ್ತೇನೆ. ಮೈಕ್ ಇನ್ನೂ ಇದೆಯಲ್ಲ, ಹಾಗಾದರೆ ಒಂದು ಮಾತು. ರಜಕ್ಕೆ ಚಿಟಿಕೆ ನಮ್ಮ ಮನೆಗೆ ಬರುತ್ತಿದ್ದಾಳೆ, ಅತ್ತೆ ನನ್ನನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಪರೀಕ್ಷಿಸಲು. ರೈಲಿನಲ್ಲಿ ಅಮ್ಮ ಪಕ್ಕದಲ್ಲಿ ಕೂರುವಂತಿಲ್ಲವಂತೆ. "ಅಮ್ಮ ದಾರಿಯುದ್ದಕ್ಕೂ ಮಾತಾಡ್ತಾಳೆ. ಹಿಂದಿನ ಬೋಗಿ" ಎಂದು ತೀರ್ಮಾನವಾಗಿದೆ. ಜೀವನದಲ್ಲಿ ನಾಲ್ಕು ಮಾತು ಜಾಸ್ತಿ ಆಡದ ಆ ತಾಯಿ ತುಟಿ ಬಿಚ್ಚದೆ ಒಪ್ಪಿಕೊಂಡಿದ್ದಾರೆ. ನಾನು ಪ್ಲಾಟ್‌ಫಾರ್ಮಿನಲ್ಲಿ ನೀರಿನ ನಲ್ಲಿಯ ಪಕ್ಕ ನಿಂತಿರಬೇಕು, ಅವಳು ಇಳಿದು ತಾನಾಗಿ ಬರುವವರೆಗೆ ಕೈ ಚಾಚಬಾರದು. ಬರುವ ಭಾನುವಾರ, ಬೆಳಗಿನ ಪ್ಯಾಸೆಂಜರ್, ಎಂಜಿನ್ನಿನಿಂದ ಎರಡನೇ ಬೋಗಿ. ಅಮ್ಮ ಮೂರನೆಯದರಲ್ಲಿ.